ಸ್ಕೂಲ್ ಬೋರ್ಡಿನ ಲೆಕ್ಕ ಕೇಳುವುದು ಹೇಗೆ: ಕ್ಯಾಲಿಫೋರ್ನಿಯಾದ ಕನ್ನಡ ಪೋಷಕರಿಗೊಂದು ಮಾರ್ಗದರ್ಶಿ

ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸುವ ನಮ್ಮವರು ಮನೆ ಹುಡುಕುವಾಗ ಮೊದಲು ನೋಡುವುದೇ ಸ್ಕೂಲ್ ಡಿಸ್ಟ್ರಿಕ್ಟ್. ಅದಕ್ಕಾಗಿ ಬಾಡಿಗೆಯನ್ನೂ ಜಾಸ್ತಿ ಕೊಡುತ್ತಾರೆ. ಮಗು ಸೇರಿದ ಮೇಲೆ ಆ ಡಿಸ್ಟ್ರಿಕ್ಟಿಗೆ ದುಡ್ಡು ಎಲ್ಲಿಂದ ಬರುತ್ತದೆ, ಯಾವುದಕ್ಕೆ ಹೋಗುತ್ತದೆ, ಯಾರು ತೀರ್ಮಾನ ಮಾಡುತ್ತಾರೆ ಅಂತ ಕೇಳುವವರು ಕಡಿಮೆ. ಲೈಬ್ರರಿಯನ್ ಹುದ್ದೆ ಹೋಗುತ್ತಂತೆ, ಮ್ಯೂಸಿಕ್ ಕ್ಲಾಸ್ ನಿಲ್ಲುತ್ತಂತೆ, ನಮ್ಮ ಸ್ಕೂಲನ್ನೇ ಮುಚ್ಚುತ್ತಾರಂತೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂದಾಗ ಎಲ್ಲರೂ ಬೋರ್ಡ್ ಮೀಟಿಂಗಿಗೆ ಓಡುತ್ತಾರೆ. ಅಷ್ಟು ಹೊತ್ತಿಗೆ ಮುಕ್ಕಾಲು ತೀರ್ಮಾನ ಆಗಿಹೋಗಿರುತ್ತದೆ.

ಜೂನ್ ತಿಂಗಳಲ್ಲಿ ಬೋರ್ಡ್ ಮತ ಹಾಕುವ ಬಜೆಟ್ಟು ಡಿಸೆಂಬರಿನಿಂದಲೇ ಕಾಗದದ ಮೇಲೆ ಮೂಡುತ್ತಾ ಬಂದಿರುತ್ತದೆ. ಆ ಕಾಗದಗಳನ್ನು ಯಾರು ಬೇಕಾದರೂ ಓದಬಹುದು. ಸರಿಯಾದ ತಿಂಗಳಲ್ಲಿ ಸರಿಯಾದ ಹಾಳೆ ತೆಗೆದು, ಒಂದೇ ಒಂದು ಖಚಿತವಾದ ಪ್ರಶ್ನೆ ಕೇಳಿದರೆ ಅದಕ್ಕೆ ಬೆಲೆ ಇದೆ. ಕೊನೆಯ ರಾತ್ರಿ ಮೈಕ್ ಮುಂದೆ ಅಳುವುದಕ್ಕಿಂತ ಅದು ಎಷ್ಟೋ ಮೇಲು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಬೋರ್ಡ್ ಯಾವುದು ಅಂತ ತಿಳಿದುಕೊಳ್ಳಿ

ಇದು ಸುಲಭ ಅನ್ನಿಸುತ್ತದೆ, ಆದರೆ ಎಡವುವುದು ಇಲ್ಲೇ. ಕ್ಯಾಲಿಫೋರ್ನಿಯಾದಲ್ಲಿ 900ಕ್ಕೂ ಹೆಚ್ಚು ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಅವುಗಳ ಗಡಿ ಊರಿನ ಗಡಿಯ ಜೊತೆ ಹೊಂದಬೇಕು ಅಂತೇನಿಲ್ಲ. ಯೂನಿಫೈಡ್ ಡಿಸ್ಟ್ರಿಕ್ಟ್ ಆದರೆ ಚಿಕ್ಕ ಮಕ್ಕಳಿಂದ 12ನೇ ಕ್ಲಾಸಿನವರೆಗೆ ಒಂದೇ ಬೋರ್ಡ್. ಕೆಲವು ಕಡೆ ಎರಡು ಇರುತ್ತವೆ. ಕ್ಯುಪರ್ಟಿನೋದಲ್ಲಿ 8ನೇ ಕ್ಲಾಸಿನವರೆಗೆ ಕ್ಯುಪರ್ಟಿನೋ ಯೂನಿಯನ್, ಆಮೇಲೆ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ಹೆಸರು ನೋಡಿ ಮೋಸ ಹೋಗಬೇಡಿ, ಫ್ರೀಮಾಂಟ್ ಊರಿನ ಶಾಲೆಗಳನ್ನು ನಡೆಸುವುದು ಫ್ರೀಮಾಂಟ್ ಯೂನಿಫೈಡ್ ಎಂಬ ಬೇರೆಯದೇ ಡಿಸ್ಟ್ರಿಕ್ಟ್. ಮಗಳು ಮಿಡಲ್ ಸ್ಕೂಲಿನಲ್ಲಿ, ಮಗ ಹೈಸ್ಕೂಲಿನಲ್ಲಿ ಇದ್ದರೆ ನೀವು ಎರಡು ಬೋರ್ಡ್, ಎರಡು ಬಜೆಟ್ ನೋಡಬೇಕಾಗಬಹುದು.

ಕರ್ನಾಟಕದಲ್ಲಿ ಓದಿ ಬಂದವರಿಗೆ ಇನ್ನೊಂದು ಗೊಂದಲ. ಅಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರ ನೇಮಕ, ಸಂಬಳ, ವರ್ಗಾವಣೆ ಎಲ್ಲ ರಾಜ್ಯದ ಇಲಾಖೆಯ ಕೈಯಲ್ಲಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ, ಇರುವುದು ಒಂದೊಂದು ಶಾಲೆಗೆ. ಇಲ್ಲಿ ಹಾಗಲ್ಲ. ಊರಿನವರೇ ಮತ ಹಾಕಿ ಆರಿಸಿದ, ಸಾಮಾನ್ಯವಾಗಿ ಐದು ಅಥವಾ ಏಳು ಜನರ ಬೋರ್ಡ್ ಮೇಷ್ಟ್ರುಗಳನ್ನು ನೇಮಿಸುತ್ತದೆ, ಸಂಬಳದ ಒಪ್ಪಂದಕ್ಕೆ ಒಪ್ಪಿಗೆ ಕೊಡುತ್ತದೆ, ಶಾಲೆ ಮುಚ್ಚುವ ಅಧಿಕಾರವೂ ಅದಕ್ಕಿದೆ. ದಿನದಿನದ ಆಡಳಿತ ಸೂಪರಿಂಟೆಂಡೆಂಟ್ ಅವರದ್ದು. ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೂ ತೆಗೆಯುವುದೂ ಬೋರ್ಡ್. ಹಾಗಾಗಿ ಕ್ಲಾಸ್ ಟೀಚರ್ ಬಗ್ಗೆ ದೂರು ಇದ್ದರೆ ಪ್ರಿನ್ಸಿಪಾಲರ ಹತ್ತಿರ ಹೋಗಿ. ಪ್ರತಿ ಶಾಲೆಗೆ ಎಷ್ಟು ಕೌನ್ಸೆಲರ್ ಎಂಬುದು ಬೋರ್ಡ್ ಮುಂದಿಡುವ ಪ್ರಶ್ನೆ. ಕನ್ನಡ ಶಾಲೆಯಲ್ಲಿ ಕಲಿತದ್ದಕ್ಕೆ ಹೈಸ್ಕೂಲ್ ಕ್ರೆಡಿಟ್ ಕೊಡುವುದು ಕೂಡ ಆಯಾ ಡಿಸ್ಟ್ರಿಕ್ಟಿನ ನೀತಿಯ ವಿಷಯ.

ಅಜೆಂಡಾ ಓದುವುದನ್ನು ಕಲಿಯಿರಿ

ಕ್ಯಾಲಿಫೋರ್ನಿಯಾದ ಬ್ರೌನ್ ಆಕ್ಟ್ 1953ರದ್ದು, ಸ್ಥಳೀಯ ಸಂಸ್ಥೆಗಳ ಮೀಟಿಂಗ್ ಜನರಿಗೆ ತೆರೆದಿರಬೇಕು ಎನ್ನುವ ಕಾನೂನು. ಅದರ ಪ್ರಕಾರ ಮಾಮೂಲಿ ಮೀಟಿಂಗಿನ ಅಜೆಂಡಾವನ್ನು 72 ಗಂಟೆ ಮೊದಲೇ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ವಿಶೇಷ ಮೀಟಿಂಗಿಗೆ 24 ಗಂಟೆ. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಬೋರ್ಡ್ ತೀರ್ಮಾನ ತೆಗೆದುಕೊಳ್ಳುವಂತಿಲ್ಲ, ತುರ್ತಿನಂಥ ಕೆಲವೇ ಸಂದರ್ಭ ಬಿಟ್ಟು. ಹಾಗಾಗಿ ಮಂಗಳವಾರ ಸಂಜೆ ಮೀಟಿಂಗ್ ಇದ್ದರೆ ಶನಿವಾರ ಸಂಜೆಯ ಹೊತ್ತಿಗೆ ಅಜೆಂಡಾ ಸಿಗಬೇಕು. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅರ್ಧ ಗಂಟೆ ನೋಡಿದರೆ ಸಾಕು.

ಎಲ್ಲರ ಕಣ್ಣು ಹೋಗುವುದು ದೊಡ್ಡ ಅಕ್ಷರದ ಚರ್ಚಾ ವಿಷಯಗಳ ಕಡೆ. ನೀವು ಕನ್ಸೆಂಟ್ ಕ್ಯಾಲೆಂಡರ್ ತೆಗೆಯಿರಿ. ಇದು ಚರ್ಚೆ ಬೇಡ ಅಂತ ಅಂದುಕೊಂಡ ವಿಷಯಗಳ ಮೂಟೆ. ಇಪ್ಪತ್ತು ಮೂವತ್ತು ಐಟಂಗಳಿಗೆ ಒಂದೇ ಮತ, ಒಂದೇ ನಿಮಿಷ. ಹೆಚ್ಚಿನವು ನಿಜಕ್ಕೂ ಮಾಮೂಲಿ: ಹಿಂದಿನ ಮೀಟಿಂಗಿನ ನಡಾವಳಿ, ಫೀಲ್ಡ್ ಟ್ರಿಪ್, ದೇಣಿಗೆ ಸ್ವೀಕಾರ. ಆದರೆ ಒಪ್ಪಂದಗಳೂ ಖರೀದಿಗಳೂ ಕೂರುವುದು ಇಲ್ಲೇ.

ಒಂದು ಐಟಂ ತೆಗೆದುಕೊಳ್ಳಿ. ಓದುವ ಅಭ್ಯಾಸಕ್ಕೆ ಒಂದು ಸಾಫ್ಟ್‌ವೇರ್, ಒಪ್ಪಂದದ ನವೀಕರಣ, 85,000 ಡಾಲರ್ ಮೀರದಂತೆ, ಅಂತ ಇದೆ ಎಂದುಕೊಳ್ಳೋಣ. ಮೊದಲು ಕ್ರಿಯಾಪದ ನೋಡಿ. ‘ಅಪ್ರೂವ್’ ಅಂತ ಇದೆಯೋ, ‘ರ‍್ಯಾಟಿಫೈ’ ಅಂತ ಇದೆಯೋ? ರ‍್ಯಾಟಿಫೈ ಅಂದರೆ ಸಿಬ್ಬಂದಿ ಈಗಾಗಲೇ ಸಹಿ ಹಾಕಿದ್ದಾರೆ, ಬೋರ್ಡ್ ಆಮೇಲೆ ಮೊಹರು ಒತ್ತುತ್ತಿದೆ. ಸಣ್ಣ ಖರೀದಿಗೆ ಇದು ಸರಿ, ಕಾನೂನೂ ಅವಕಾಶ ಕೊಡುತ್ತದೆ. ದೊಡ್ಡ ದೊಡ್ಡ ಒಪ್ಪಂದಗಳೆಲ್ಲ ಹೀಗೇ ಬರುತ್ತಿದ್ದರೆ ಕೇಳಬೇಕು. ಆಮೇಲೆ ದುಡ್ಡಿನ ಮೂಲ: ಸಾಮಾನ್ಯ ನಿಧಿಯೋ, ಒಂದೇ ಬಾರಿ ಬಂದ ಅನುದಾನವೋ? ಹೋದ ವರ್ಷ ಇದೇ ಒಪ್ಪಂದ ಎಷ್ಟಿತ್ತು? ಹಳೆಯ ಅಜೆಂಡಾದಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿ. ಕೊನೆಗೆ ಮುಖ್ಯವಾದದ್ದು: ಇದರಿಂದ ಮಕ್ಕಳಿಗೆ ಏನು ಉಪಯೋಗ ಆಯಿತು ಅಂತ ಜೊತೆಗಿರುವ ಹಾಳೆಯಲ್ಲಿ ಒಂದು ಸಾಲಾದರೂ ಇದೆಯಾ? ಎಷ್ಟು ಮಕ್ಕಳು ಬಳಸಿದರು ಅಂತಾದರೂ? ಎಷ್ಟೋ ಸಲ ಇರುವುದಿಲ್ಲ.

ಸಾಮಾನು ಮತ್ತು ಕಟ್ಟಡ ಕೆಲಸಕ್ಕೆ ಒಂದು ಮಿತಿ ದಾಟಿದರೆ ಟೆಂಡರ್ ಕರೆಯಬೇಕು. ಸಲಹೆಗಾರರ ಸೇವೆಗೆ ಸಾಮಾನ್ಯವಾಗಿ ಅದು ಬೇಕಿಲ್ಲ. ಅದಕ್ಕೇ ಕನ್ಸಲ್ಟೆಂಟ್ ಒಪ್ಪಂದಗಳ ಮೇಲೆ ಸ್ವಲ್ಪ ಹೆಚ್ಚು ಕಣ್ಣಿಡಿ.

ಅನುಮಾನ ಬಂದರೆ ಮೀಟಿಂಗಿಗೆ ಮೊದಲೇ ಒಬ್ಬ ಟ್ರಸ್ಟಿಗೆ, ಅಂದರೆ ಬೋರ್ಡ್ ಸದಸ್ಯರಿಗೆ, ಈಮೇಲ್ ಬರೆಯಿರಿ. ‘ಈ ಐಟಂ ಅನ್ನು ಕನ್ಸೆಂಟ್‌ನಿಂದ ಹೊರಗೆ ತೆಗೆದು ಚರ್ಚೆಗೆ ಇಡುತ್ತೀರಾ?’ ಅಂತ ಕೇಳಿ. ಒಬ್ಬ ಸದಸ್ಯರು ಹೇಳಿದರೂ ಸಾಮಾನ್ಯವಾಗಿ ಅದನ್ನು ಬೇರೆ ಇಡುತ್ತಾರೆ. ಹಾಂ, ಐದೂ ಜನಕ್ಕೆ ಒಟ್ಟಿಗೆ ಬರೆದು ಎಲ್ಲರೂ ‘ರಿಪ್ಲೈ ಆಲ್’ ಮಾಡಲಿ ಅಂತ ಕಾಯಬೇಡಿ. ಬಹುಮತದಷ್ಟು ಸದಸ್ಯರು ಮೀಟಿಂಗಿನ ಹೊರಗೆ ತಮ್ಮತಮ್ಮಲ್ಲಿ ಚರ್ಚಿಸುವುದನ್ನು ಬ್ರೌನ್ ಆಕ್ಟ್ ತಡೆಯುತ್ತದೆ.

ಬಜೆಟ್: ನಾಲ್ಕಂಕಿಯ ಸಂಖ್ಯೆಗಳು

ನೂರಾರು ಪುಟದ ಬಜೆಟ್ ನೋಡಿ ಹೆದರುವುದು ಸಹಜ. ಆದರೆ ಇಡೀ ರಾಜ್ಯಕ್ಕೆ ಒಂದೇ ಲೆಕ್ಕದ ಭಾಷೆ ಇದೆ. ಒಂದು ಡಿಸ್ಟ್ರಿಕ್ಟಿನದು ಓದಲು ಬಂದರೆ ಎಲ್ಲರದ್ದೂ ಬಂತು. 1000 ಸಾಲು ಟೀಚರ್ ಮುಂತಾದ ಕ್ರೆಡೆನ್ಶಿಯಲ್ (ರಾಜ್ಯ ಕೊಡುವ ಅರ್ಹತಾಪತ್ರ) ಇರುವವರ ಸಂಬಳ. 2000 ಅಂದರೆ ಕಚೇರಿ, ಬಸ್ಸು, ಸ್ವಚ್ಛತೆ, ಕ್ಲಾಸ್‌ರೂಮ್ ಸಹಾಯಕರು. 3000 ಆರೋಗ್ಯ ವಿಮೆ, ಪಿಂಚಣಿ. 4000 ಪುಸ್ತಕ, ಸಾಮಗ್ರಿ. 5000 ಹೊರಗಿನ ಸೇವೆಗಳು. 6000 ಕಟ್ಟಡ, ದೊಡ್ಡ ಉಪಕರಣ. ಮೊದಲ ಮೂರೇ ಖರ್ಚಿನ ಬಹುಪಾಲು ನುಂಗುತ್ತವೆ. ಶಾಲೆ ಅಂದರೆ ಜನ, ಅದು ಹಾಗೇ ಇರಬೇಕು. ಅದಕ್ಕೇ ದುಡ್ಡು ಕಡಿಮೆಯಾದಾಗ ಪೆನ್ಸಿಲ್ ಉಳಿಸಿ ಏನೂ ಆಗುವುದಿಲ್ಲ, ಹುದ್ದೆಗಳೇ ಹೋಗುತ್ತವೆ.

ನಿಮ್ಮ ಮೊದಲ ಓದಿಗೆ ಮೂರು ಜಾಗ ಸಾಕು.

ಒಂದು, 5800. ಕನ್ಸಲ್ಟೆಂಟ್ ಮತ್ತು ಇತರ ವೃತ್ತಿಪರ ಸೇವೆಗಳು ಕೂರುವ ಸಾಲು. ಮೂರು ವರ್ಷದ ಅಂಕಿ ಪಕ್ಕಪಕ್ಕ ಬರೆದು ನೋಡಿ. ಏರುತ್ತಿದ್ದರೆ ಏಕೆ ಅಂತ ಕೇಳಿ. ಕಾರಣ ನ್ಯಾಯವಾಗಿಯೇ ಇರಬಹುದು. ಸ್ಪೀಚ್ ಥೆರಪಿಸ್ಟ್ ಕೆಲಸಕ್ಕೆ ಸಿಗದಿದ್ದರೆ ಏಜೆನ್ಸಿಯಿಂದ ತರಬೇಕಾಗುತ್ತದೆ, ಅದು ದುಬಾರಿ.

ಎರಡು, ಮುಂದಿನ ವರ್ಷಗಳ ಅಂದಾಜು. ಈ ವರ್ಷದ ಜೊತೆಗೆ ಮುಂದಿನ ಎರಡು ವರ್ಷದ ಲೆಕ್ಕವನ್ನೂ ಡಿಸ್ಟ್ರಿಕ್ಟ್ ತೋರಿಸಲೇಬೇಕು. ಆದಾಯಕ್ಕಿಂತ ಖರ್ಚು ಹೆಚ್ಚಿದ್ದು, ಕೊನೆಯ ಉಳಿಕೆ ವರ್ಷದಿಂದ ವರ್ಷಕ್ಕೆ ಕರಗುತ್ತಿದ್ದರೆ ಕಡಿತ ಬರುತ್ತಿದೆ ಅಂತಲೇ ಅರ್ಥ. ಸರಾಸರಿ ಹಾಜರಾತಿ 1,001ರಿಂದ 30,000 ಇರುವ ಡಿಸ್ಟ್ರಿಕ್ಟ್ ಒಟ್ಟು ಖರ್ಚಿನ ಕನಿಷ್ಠ 3% ಆಪದ್ಧನ ಇಟ್ಟುಕೊಳ್ಳಬೇಕು. ಮೂರನೇ ವರ್ಷದಲ್ಲಿ ಆ ಗೆರೆಯ ಹತ್ತಿರ ಬರುತ್ತಿದೆಯಾ ನೋಡಿ. ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಓಕ್‌ಲ್ಯಾಂಡ್ ಕಣ್ಣ ಮುಂದಿದೆ. 2003ರಲ್ಲಿ ಅಲ್ಲಿನ ಡಿಸ್ಟ್ರಿಕ್ಟ್ ದಿವಾಳಿಯ ಅಂಚಿಗೆ ಬಂತು. ರಾಜ್ಯ 100 ಮಿಲಿಯನ್ ಡಾಲರ್ ಸಾಲ ಮಂಜೂರು ಮಾಡಿ, ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಊರವರು ಆರಿಸಿದ ಬೋರ್ಡಿಗೆ ಅಧಿಕಾರ ಮರಳುವ ಹೊತ್ತಿಗೆ 2009 ಆಗಿತ್ತು.

ಮೂರು, ಒಂದೇ ಬಾರಿಯ ದುಡ್ಡು. ಕೋವಿಡ್ ಕಾಲದಲ್ಲಿ ಕೇಂದ್ರದಿಂದ ಬಂದ ಶಾಲಾ ಪರಿಹಾರ ನಿಧಿಯ ಕೊನೆಯ ಕಂತನ್ನು ಖರ್ಚಿಗೆ ಗೊತ್ತು ಮಾಡಲು 2024ರ ಸೆಪ್ಟೆಂಬರ್ 30 ಗಡುವಾಗಿತ್ತು. ಆ ದುಡ್ಡಲ್ಲಿ ಕೌನ್ಸೆಲರ್, ಓದು ಕಲಿಸುವವರನ್ನು ಕಾಯಂ ಹುದ್ದೆಗೆ ತೆಗೆದುಕೊಂಡಿದ್ದ ಕಡೆ ಆಮೇಲೆ ಪೆಟ್ಟು ಬಿತ್ತು. ಹೊಸ ಕಾರ್ಯಕ್ರಮ ಘೋಷಣೆ ಆದಾಗೆಲ್ಲ ‘ಅನುದಾನ ಮುಗಿದ ಮೇಲೆ ಸಂಬಳ ಎಲ್ಲಿಂದ?’ ಅಂತ ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಬಜೆಟ್ಟಿನಲ್ಲಿ ‘ಕಾಂಟ್ರಿಬ್ಯೂಷನ್’ ಅಂತ ಒಂದು ದೊಡ್ಡ ಮೊತ್ತ ಕಾಣುತ್ತದೆ. ಸಾಮಾನ್ಯ ನಿಧಿಯಿಂದ, ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆ ಇರುವ ಮಕ್ಕಳ ವಿಶೇಷ ಶಿಕ್ಷಣಕ್ಕೆ ಹೋಗುವ ದುಡ್ಡು ಬಹುಪಾಲು ಅದೇ. ಇದನ್ನು ತೋರಿಸಿ ‘ಆ ಮಕ್ಕಳಿಂದ ನಮ್ಮ ಮಕ್ಕಳಿಗೆ ಕಡಿಮೆ’ ಅನ್ನುವವರಿದ್ದಾರೆ. ದಯವಿಟ್ಟು ಆ ಮಾತು ನಿಮ್ಮ ಬಾಯಲ್ಲಿ ಬರದಿರಲಿ. 1975ರ ಕಾನೂನಿನಲ್ಲಿ ಕೇಂದ್ರ ಸರ್ಕಾರ ಹೆಚ್ಚುವರಿ ಖರ್ಚಿನ 40% ವರೆಗೆ ಕೊಡುವ ಭರವಸೆ ಇಟ್ಟಿತು, ಅಷ್ಟು ಯಾವತ್ತೂ ಕೊಡಲಿಲ್ಲ. ಆ ಕೊರತೆಯನ್ನೇ ಡಿಸ್ಟ್ರಿಕ್ಟ್ ತುಂಬುತ್ತಿರುವುದು. ಆ ಮಕ್ಕಳ ಹಕ್ಕು ಅದು.

ಎಲ್‌ಕ್ಯಾಪ್: ಮಾತು ಮತ್ತು ದುಡ್ಡು ಒಂದೇ ಕಡೆ

2013ರಲ್ಲಿ ರಾಜ್ಯ ಹೊಸ ಅನುದಾನ ಸೂತ್ರ ತಂದಿತು. ಪ್ರತಿ ಮಗುವಿಗೆ ಒಂದು ಮೂಲ ಮೊತ್ತ. ಬಡ ಕುಟುಂಬದ, ಇಂಗ್ಲಿಷ್ ಕಲಿಯುತ್ತಿರುವ, ಅಥವಾ ಫಾಸ್ಟರ್ ಮನೆಯಲ್ಲಿರುವ ಮಗುವಿಗೆ ಅದರ 20% ಹೆಚ್ಚು. ಅಂಥ ಮಕ್ಕಳು 55% ದಾಟಿದ ಡಿಸ್ಟ್ರಿಕ್ಟಿಗೆ ಇನ್ನಷ್ಟು. ಲೆಕ್ಕ ಹಾಕುವುದು ಹಾಜರಾತಿಯ ಮೇಲೆ. ಹಾಗಾಗಿ ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೋದರೆ ಶಾಲೆಗೂ ಸ್ವಲ್ಪ ನಷ್ಟ. ಪಾಲೊ ಆಲ್ಟೊ ತರಹ ಆಸ್ತಿ ತೆರಿಗೆಯೇ ಸೂತ್ರಕ್ಕಿಂತ ಹೆಚ್ಚು ಬರುವ ಡಿಸ್ಟ್ರಿಕ್ಟ್‌ಗಳ ಲೆಕ್ಕ ಬೇರೆ.

ಈ ಸೂತ್ರದ ಜೊತೆಗೆ ಬಂದದ್ದು ಎಲ್‌ಕ್ಯಾಪ್, ಅಂದರೆ ದುಡ್ಡನ್ನು ಹೇಗೆ ಬಳಸುತ್ತೇವೆ ಎಂದು ಡಿಸ್ಟ್ರಿಕ್ಟ್ ಬರೆಯುವ ಮೂರು ವರ್ಷದ ಯೋಜನೆ (LCAP), ಪ್ರತಿ ವರ್ಷ ತಿದ್ದುಪಡಿ. ಅದರಲ್ಲಿ ಗುರಿ, ಆ ಗುರಿಗೆ ಮಾಡುವ ಕೆಲಸ, ಪ್ರತಿ ಕೆಲಸಕ್ಕೆ ಇಟ್ಟ ದುಡ್ಡು, ನಿಜವಾಗಿ ಖರ್ಚಾದ ದುಡ್ಡು ಎಲ್ಲ ಇರುತ್ತದೆ. ಪೂರ್ತಿ ಓದಬೇಡಿ, ಸುಸ್ತಾಗುತ್ತೀರಿ. ನಿಮಗೆ ಮುಖ್ಯವಾದ ಒಂದೇ ಕೆಲಸ ಆರಿಸಿ, ಉದಾಹರಣೆಗೆ ಗಣಿತದಲ್ಲಿ ಹಿಂದುಳಿದವರಿಗೆ ಟ್ಯೂಷನ್. ಹೋದ ವರ್ಷ ಎಷ್ಟು ಇಟ್ಟಿದ್ದರು, ಎಷ್ಟು ಖರ್ಚಾಯಿತು, ಫಲಿತಾಂಶದ ಅಳತೆ ಮೇಲೆ ಹೋಯಿತಾ ಕೆಳಗೆ ಬಂತಾ ನೋಡಿ. ಇಟ್ಟ ದುಡ್ಡಿನಲ್ಲಿ ಅರ್ಧ ಖರ್ಚೇ ಆಗಿರದಿದ್ದರೆ ನಿಮ್ಮ ಪ್ರಶ್ನೆ ಸಿದ್ಧ.

ನಮ್ಮವರಿಗೆ ನೇರವಾಗಿ ತಾಗುವ ವಿಷಯ ಒಂದಿದೆ. ಮಗುವನ್ನು ಮೊದಲ ಸಲ ಸೇರಿಸುವಾಗ ‘ಹೋಮ್ ಲ್ಯಾಂಗ್ವೇಜ್ ಸರ್ವೆ’ ಕೊಡುತ್ತಾರೆ. ಮನೆಯಲ್ಲಿ ಕನ್ನಡ ಅಂತ ಬರೆದರೆ ಮಗುವನ್ನು ಬೇರೆ ಕ್ಲಾಸಿಗೆ ಹಾಕುತ್ತಾರೆ ಅಂತ ಹೆದರಿ ಸುಮ್ನೆ ಇಂಗ್ಲಿಷ್ ಅಂತ ಬರೆಯುವವರಿದ್ದಾರೆ. ನಿಜವನ್ನೇ ಬರೆಯಿರಿ. ಕನ್ನಡ ಎಂದರೆ ಎಲ್ಪ್ಯಾಕ್ ಎಂಬ ಪರೀಕ್ಷೆ ಮಾಡುತ್ತಾರೆ. ಇಂಗ್ಲಿಷ್ ಚೆನ್ನಾಗಿದ್ದರೆ ಅಲ್ಲಿಗೇ ಮುಗಿಯಿತು. ನೆರವು ಬೇಕಾದರೆ ಅದು ಸಿಗುತ್ತದೆ, ಅದಕ್ಕೆ ದುಡ್ಡೂ ಬರುತ್ತದೆ.

ಯಾವ ತಿಂಗಳಲ್ಲಿ ಏನು

ಆರ್ಥಿಕ ವರ್ಷ ಜುಲೈ 1ರಿಂದ ಜೂನ್ 30. ಹೋದ ವರ್ಷದ ಖರ್ಚಿನ ಲೆಕ್ಕ ಸೆಪ್ಟೆಂಬರ್ ಮಧ್ಯದಲ್ಲಿ ಬರುತ್ತದೆ. ಫಸ್ಟ್ ಇಂಟರಿಮ್, ಅಂದರೆ ವರ್ಷದ ನಡುವಿನ ಮೊದಲ ಹಣಕಾಸು ವರದಿ, ಡಿಸೆಂಬರ್ 15ರ ಒಳಗೆ. ಇಲ್ಲಿ ಡಿಸ್ಟ್ರಿಕ್ಟ್ ತನ್ನ ಸ್ಥಿತಿಯನ್ನು ಪಾಸಿಟಿವ್ (ಖರ್ಚು ನಿಭಾಯಿಸಬಲ್ಲೆವು), ಕ್ವಾಲಿಫೈಡ್ (ಆಗದೇ ಹೋಗಬಹುದು), ನೆಗೆಟಿವ್ (ಆಗುವುದಿಲ್ಲ) ಅಂತ ತಾನೇ ಘೋಷಿಸಬೇಕು. ಪಾಸಿಟಿವ್ ಅಲ್ಲದೆ ಬೇರೆ ಏನು ಕಂಡರೂ ಅವತ್ತಿನಿಂದಲೇ ಮೀಟಿಂಗ್‌ಗೆ ಹೋಗಲು ಶುರು ಮಾಡಿ. ಜನವರಿ ಕೊನೆಯ ಒಳಗೆ ಆಡಿಟ್ ವರದಿಯನ್ನು ಬೋರ್ಡ್ ಬಹಿರಂಗವಾಗಿ ನೋಡಬೇಕು. ಅದರ ಕೊನೆಯ ಭಾಗದಲ್ಲಿ ಆಡಿಟರ್ ಕಂಡ ತಪ್ಪುಗಳ ಪಟ್ಟಿ ಇರುತ್ತದೆ. ಹೋದ ವರ್ಷದ ತಪ್ಪೇ ಮತ್ತೆ ಬಂದಿದೆಯಾ ಅಂತ ಮಾತ್ರ ನೋಡಿ, ಐದು ನಿಮಿಷದ ಕೆಲಸ. ಫೆಬ್ರವರಿ 28ರ ಒಳಗೆ ಎಲ್‌ಕ್ಯಾಪ್‌ನ ಅರ್ಧ ವರ್ಷದ ವರದಿ.

ಫೆಬ್ರವರಿ ಮತ್ತು ಮಾರ್ಚ್ ನಿಮ್ಮ ತಿಂಗಳುಗಳು. ಟೀಚರುಗಳಿಗೆ ಕೆಲಸ ಹೋಗಬಹುದು ಎಂಬ ಮೊದಲ ನೋಟಿಸ್ ಮಾರ್ಚ್ 15ರ ಒಳಗೆ ಹೋಗಬೇಕು. ಅದಕ್ಕೆ ಬೋರ್ಡ್ ಮೊದಲೇ ನಿರ್ಣಯ ಮಾಡುತ್ತದೆ. ಯಾವ ಹುದ್ದೆ, ಎಷ್ಟು ಅಂತ ಆ ನಿರ್ಣಯದಲ್ಲೇ ಇರುತ್ತದೆ. ಲೈಬ್ರರಿಯನ್ ಬೇಕು ಅಂತಿದ್ದರೆ ಅದಕ್ಕೂ ಮೊದಲಿನ ಮೀಟಿಂಗಿನಲ್ಲಿ ಮಾತಾಡಬೇಕು. ಮಾರ್ಚ್ ಮಧ್ಯದಲ್ಲಿ ಸೆಕೆಂಡ್ ಇಂಟರಿಮ್ ಬರುತ್ತದೆ. ಮೇ ತಿಂಗಳಲ್ಲಿ ಗವರ್ನರ್ ತಮ್ಮ ಬಜೆಟ್ ತಿದ್ದುತ್ತಾರೆ. ಜೂನಿನಲ್ಲಿ ಬಜೆಟ್ ಮತ್ತು ಎಲ್‌ಕ್ಯಾಪ್ ಬಗ್ಗೆ ಒಂದು ಮೀಟಿಂಗಿನಲ್ಲಿ ಸಾರ್ವಜನಿಕ ಅಹವಾಲು, ಇನ್ನೊಂದರಲ್ಲಿ ಮತ. ಆಗ ಬದಲಾಗುವುದು ಅಂಚಿನಲ್ಲಿ ಸ್ವಲ್ಪ ಮಾತ್ರ.

ಮೈಕ್ ಮುಂದೆ

ನೀವು ಪ್ರಜೆ ಆಗಿರಬೇಕಿಲ್ಲ. ಎಚ್-1ಬಿ ಇರಲಿ, ಎಚ್-4 ಇರಲಿ, ಮಾತಾಡುವ ಹಕ್ಕಿದೆ. ಮೀಟಿಂಗಿಗೆ ಬರಲು ಹೆಸರು ಬರೆಯಲೇಬೇಕು ಅಂತ ಒತ್ತಾಯಿಸುವಂತಿಲ್ಲ. ಸಾಮಾನ್ಯವಾಗಿ ಎರಡು ಮೂರು ನಿಮಿಷ ಸಿಗುತ್ತದೆ. ಅನುವಾದಕರ ಮೂಲಕ ಮಾತಾಡುವವರಿಗೆ, ಏಕಕಾಲದ ಅನುವಾದದ ಯಂತ್ರ ಇಲ್ಲದ ಕಡೆ, ಕನಿಷ್ಠ ಎರಡು ಪಟ್ಟು ಸಮಯ ಕೊಡಬೇಕು ಎಂದು ಬ್ರೌನ್ ಆಕ್ಟ್ ಹೇಳುತ್ತದೆ. ಮೊಮ್ಮಗನನ್ನು ದಿನಾ ಶಾಲೆಗೆ ಬಿಟ್ಟು ಬರುವ ಅಜ್ಜಿ ರಸ್ತೆ ದಾಟುವ ಜಾಗದ ಬಗ್ಗೆ ಕನ್ನಡದಲ್ಲೇ ಹೇಳಬಹುದು, ಪಕ್ಕದಲ್ಲಿ ನೀವು ನಿಂತು ಇಂಗ್ಲಿಷಿಗೆ ತರಬಹುದು.

ಮಾತು ಹೀಗಿದ್ದರೆ ಚೆಂದ: ‘ನನ್ನ ಮಗಳು 4ನೇ ಕ್ಲಾಸು. ಇವತ್ತಿನ ಸೆಕೆಂಡ್ ಇಂಟರಿಮ್ ಐಟಂ ಬಗ್ಗೆ ಮಾತಾಡುತ್ತೇನೆ. 5800 ಸಾಲಿನ ಖರ್ಚು ಜೂನಿನಲ್ಲಿ ಒಪ್ಪಿದ್ದಕ್ಕಿಂತ ಹೆಚ್ಚಾಗಿದೆ. ಅದೇ ವರದಿಯಲ್ಲಿ ಮುಂದಿನ ವರ್ಷ ಲೈಬ್ರರಿ ಸಿಬ್ಬಂದಿ ಕಡಿತ ಇದೆ. ಏರಿದ ಖರ್ಚು ಯಾವ ಒಪ್ಪಂದಗಳದ್ದು ಎಂಬ ಪಟ್ಟಿಯನ್ನು ಮುಂದಿನ ಮೀಟಿಂಗಿಗೆ ತರಲು ಸೂಪರಿಂಟೆಂಡೆಂಟ್ ಅವರಿಗೆ ಹೇಳುತ್ತೀರಾ?’ ಅಷ್ಟೇ. ಒಂದು ನಿಮಿಷವೂ ಬೇಡ. ಕೋಪಕ್ಕೆ ತಲೆಯಾಡಿಸಿ ಸುಮ್ಮನಾಗಬಹುದು. ಪಟ್ಟಿ ಕೇಳಿದರೆ ಹೌದು ಅನ್ನಬೇಕು, ಇಲ್ಲಾ ಅನ್ನಬೇಕು.

ಅಜೆಂಡಾದಲ್ಲಿ ಇಲ್ಲದ ವಿಷಯ ಎತ್ತಿದರೆ ಬೋರ್ಡ್ ಚರ್ಚಿಸುವಂತಿಲ್ಲ. ಅವರು ಮೌನವಾಗಿ ಕೂತರೆ ಉದಾಸೀನ ಅಂದುಕೊಳ್ಳಬೇಡಿ. ಡಿಸ್ಟ್ರಿಕ್ಟಿನ ಕೆಲಸಕ್ಕೆ ಸಂಬಂಧಿಸಿದ ವಿಷಯವನ್ನು ಅಜೆಂಡಾಗೆ ಸೇರಿಸಿ ಅಂತ ಜನ ಕೇಳಲು ಶಿಕ್ಷಣ ಸಂಹಿತೆಯಲ್ಲೇ ದಾರಿ ಇದೆ. ಬರಹದಲ್ಲಿ ಕೇಳಿ.

ಉತ್ತರ ಬರದಿದ್ದರೆ

ಸಾರ್ವಜನಿಕ ದಾಖಲೆ ಕಾಯಿದೆ ಇದೆ, ನಮ್ಮ ಆರ್‌ಟಿಐ ತರಹ. ಈಮೇಲ್ ಸಾಕು, ಕಾರಣ ಹೇಳಬೇಕಿಲ್ಲ. ದಾಖಲೆ ಕೊಡಬಹುದೋ ಇಲ್ಲವೋ ಅಂತ 10 ದಿನದಲ್ಲಿ ತಿಳಿಸಬೇಕು, ಕೆಲವು ಕಾರಣಕ್ಕೆ ಇನ್ನೂ 14 ದಿನ ಮುಂದೂಡಬಹುದು. ‘ಎಲ್ಲಾ ಖರ್ಚಿನ ವಿವರ’ ಅಂತ ಕೇಳಿದರೆ ತಿಂಗಳುಗಟ್ಟಲೆ ಕಾಯುತ್ತೀರಿ. ಇಂಥ ಕಂಪನಿಯ ಜೊತೆ, ಇಂಥ ವರ್ಷದ ಒಪ್ಪಂದ ಮತ್ತು ಇನ್‌ವಾಯ್ಸ್ ಅಂತ ಕೇಳಿ.

ಪಠ್ಯಪುಸ್ತಕ ಸಾಲದು, ಶೌಚಾಲಯ ಕೆಟ್ಟಿದೆ, ಕ್ಲಾಸಿಗೆ ಕಾಯಂ ಟೀಚರ್ ಇಲ್ಲ ಎಂಬಂಥ ದೂರಿಗೆ ವಿಲಿಯಮ್ಸ್ ದೂರು ಎಂಬ ಬೇರೆ ದಾರಿ ಇದೆ. ಹೆಸರು ಹಾಕದೆ ಕೊಡಬಹುದು, ಅದರ ನೋಟಿಸ್ ಪ್ರತಿ ಕ್ಲಾಸಿನ ಗೋಡೆಯ ಮೇಲಿರಬೇಕು.

ಕಮಿಟಿ, ಆಮೇಲೆ ಚುನಾವಣೆ

ಬೋರ್ಡಿನ ತನಕ ಹೋಗುವ ಮೊದಲು ಸ್ಕೂಲ್ ಸೈಟ್ ಕೌನ್ಸಿಲ್‌ಗೆ ನಿಲ್ಲಿ. ಪೋಷಕರೇ ಪೋಷಕರನ್ನು ಆರಿಸುತ್ತಾರೆ, ಶಾಲೆಯ ಯೋಜನೆ ಮತ್ತು ಅದಕ್ಕೆ ಬರುವ ದುಡ್ಡು ಇವರ ಮುಂದೆ ಬರುತ್ತದೆ. ಲೆಕ್ಕ ಓದಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. 55% ಮತದಿಂದ ಪಾಸಾದ ಕಟ್ಟಡ ಬಾಂಡ್ (ಕಟ್ಟಡಕ್ಕಾಗಿ ಎತ್ತುವ ಸಾಲ) ಇದ್ದರೆ ಕನಿಷ್ಠ 7 ನಾಗರಿಕರ ಉಸ್ತುವಾರಿ ಸಮಿತಿ ಕಡ್ಡಾಯ. ಅದರಲ್ಲಿ ಪೋಷಕರಿಗೆ ಜಾಗ ಇದೆ, ಡಿಸ್ಟ್ರಿಕ್ಟಿನ ಉದ್ಯೋಗಿ ಮತ್ತು ಗುತ್ತಿಗೆದಾರರಿಗೆ ಇಲ್ಲ. ಬಾಂಡ್ ದುಡ್ಡಲ್ಲಿ ಟೀಚರ್ ಸಂಬಳ ಕೊಡುವಂತಿಲ್ಲ. ಹಾಗಾಗಿ ‘ಹೊಸ ಜಿಮ್ ಕಟ್ಟುವ ಬದಲು ಟೀಚರ್ ಉಳಿಸಿ’ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ನಮ್ಮ ಜನ ಇದನ್ನು ಪದೇ ಪದೇ ಕೇಳುತ್ತಾರೆ, ಅದಕ್ಕೇ ಹೇಳಿದೆ.

ಮತದ ವಿಷಯದಲ್ಲಿ ಪೌರತ್ವ ಬೇಕು. ಸ್ಯಾನ್ ಫ್ರಾನ್ಸಿಸ್ಕೋ ಒಂದು ಅಪವಾದ. ಅಲ್ಲಿ 2016ರಲ್ಲಿ ಜನ ಒಪ್ಪಿದ ನಿಯಮದಂತೆ 2018ರಿಂದ ಪ್ರಜೆಗಳಲ್ಲದ ಪೋಷಕರೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತ ಹಾಕಬಹುದು. ವೀಸಾದಲ್ಲಿರುವವರು ಹೆಸರು ನೋಂದಾಯಿಸುವ ಮೊದಲು ವಲಸೆ ವಕೀಲರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಉಳಿದ ಕಡೆ ಹೆಚ್ಚಾಗಿ ಸಮ ಸಂಖ್ಯೆಯ ವರ್ಷದ ನವೆಂಬರಿನಲ್ಲಿ ಚುನಾವಣೆ, ನಾಲ್ಕು ವರ್ಷದ ಅವಧಿ. ಅರ್ಜಿ ಹಾಕುವ ಸಮಯ ಜುಲೈ ಮಧ್ಯದಿಂದ ಆಗಸ್ಟ್ ಎರಡನೇ ವಾರದ ಆಸುಪಾಸಿನವರೆಗೆ, ಅಂದರೆ ಅರ್ಧ ಊರು ರಜೆಯಲ್ಲಿರುವಾಗ. ಒಬ್ಬರೇ ಅರ್ಜಿ ಹಾಕಿದರೆ ಚುನಾವಣೆಯೇ ಇಲ್ಲದೆ ಅವರು ಬೋರ್ಡಿಗೆ ಬರುತ್ತಾರೆ. ಆ ಸೀಟು ಬ್ಯಾಲೆಟ್ ಕಾಗದದಲ್ಲೂ ಇರುವುದಿಲ್ಲ. ಈಗಿರುವ ಸದಸ್ಯರು ಮತ್ತೆ ಅರ್ಜಿ ಹಾಕದಿದ್ದರೆ ಗಡುವು ಐದು ದಿನ ಮುಂದಕ್ಕೆ ಹೋಗುತ್ತದೆ. ಪೌರತ್ವ ಸಿಕ್ಕಿದ್ದು, ಮತದಾರರ ಪಟ್ಟಿಯಲ್ಲಿ ಹೆಸರಿದ್ದು, ಬಜೆಟ್ ಓದಲು ಬರುವ ಒಬ್ಬರು ನಿಮ್ಮ ಬಳಗದಲ್ಲಿದ್ದರೆ, ಕೌಂಟಿಯ ಚುನಾವಣಾ ಕಚೇರಿಗೆ ಹೋಗಿ ಅರ್ಜಿಯ ಕಾಗದ ತರುವುದಕ್ಕೆ ಅದೇ ಹೊತ್ತು.